ಬೆಕ್ಕಿನ ಉಗುರು ಮತ್ತು ಬಾಡಿಗೆ ಕರಾರು

ಕಳೆದ ರಮಝಾನ್‌ಗೆ ಸ್ವಲ್ಪ ಮುಂಚೆ ನಮ್ಮ ಓದುಗರಾದ ಒಬ್ಬ ತಾಯಿ ಫೋನ್ ಮಾಡಿದ್ದರು. ಅವರ ಮಗಳು ಮತ್ತು ಅಳಿಯ ಅಮೆರಿಕದಲ್ಲಿದ್ದಾರೆ. ಅಲ್ಲಿ ಹೊಸ ಫ್ಲ್ಯಾಟ್‌ಗೆ ಹೋಗುವಾಗ ಕೈಗೆ ಬಂದ ಬಾಡಿಗೆ ಕರಾರಿನಲ್ಲಿ ಒಂದು ಸಾಲು ಇತ್ತಂತೆ: ಬೆಕ್ಕು ಸಾಕಬಹುದು, ಆದರೆ ಅದರ ಮುಂಗಾಲಿನ ಉಗುರು ತೆಗೆಸಿರಬೇಕು. ಮಗಳಿಗೆ ಇದು ಸರಿ ಕಾಣಲಿಲ್ಲ. ತಾಯಿಗೆ ಮಾತ್ರ ಅದರಲ್ಲಿ ಅಂಥದ್ದೇನೂ ಕಾಣಲಿಲ್ಲ. "ಉಗುರು ತೆಗೆಯೋದು ತಾನೇ? ನಾವೂ ಜುಮಾ ದಿನ ಉಗುರು ತೆಗೀತೇವಲ್ಲ, ಅದರಲ್ಲೇನು ತಪ್ಪು?" ಎಂದು ಅವರು ನಮ್ಮನ್ನು ಕೇಳಿದರು.

ಪ್ರಶ್ನೆ ಸಹಜವಾದದ್ದೇ. ನಮಗೂ ಆ ಹೊತ್ತಿಗೆ ಪೂರ್ತಿ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಎಪ್ಪತ್ತು ವರ್ಷಗಳ ಒಂದು ಜಗಳದ ಕಥೆಯೇ ಸಿಕ್ಕಿತು. ಅದರಲ್ಲಿ ಪಶುವೈದ್ಯರಿದ್ದಾರೆ, ನಗರಸಭೆಗಳಿವೆ, ನ್ಯಾಯಾಲಯಗಳಿವೆ, ಹುಲಿ ಸಿಂಹಗಳೂ ಇವೆ. ಬೆಕ್ಕಿನ ವಿಷಯಕ್ಕೆ ಇಷ್ಟು ಪುಟ ಯಾಕೆ ಎಂದು ಕೇಳುವವರಿರಬಹುದು. ಒಂದು ಬೆಕ್ಕನ್ನು ಕಟ್ಟಿಹಾಕಿ, ತಿನ್ನಲೂ ಕೊಡದೆ, ತಾನೇ ಹುಡುಕಿಕೊಂಡು ತಿನ್ನಲೆಂದು ಬಿಡಲೂ ಬಿಡದೆ ಸಾಯಿಸಿದ ಹೆಂಗಸಿನ ಪರಿಣಾಮವೇನಾಯಿತೆಂದು ಪ್ರವಾದಿವರ್ಯರು(ಸ) ತಿಳಿಸಿದ ಹದೀಸನ್ನು ಮದ್ರಸದ ಮಕ್ಕಳೂ ಬಲ್ಲರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಅದಿದೆ. ಬೆಕ್ಕು ಸಣ್ಣ ವಿಷಯ ಎನ್ನುವ ಮಾತು ನಮ್ಮ ಮನೆಗಳಲ್ಲಿ ಅಷ್ಟು ಸುಲಭವಾಗಿ ಹೇಳುವಂಥದ್ದಲ್ಲ.

ಮೊದಲು ಆ ತಾಯಿಯ ಪ್ರಶ್ನೆಗೇ ಬರೋಣ. ನಮ್ಮ ಉಗುರು ಬೆರಳಿನ ಚರ್ಮದಿಂದ ಬೆಳೆಯುತ್ತದೆ. ಕತ್ತರಿಸಿದರೆ ನೋವಿಲ್ಲ, ವಾರ ಕಳೆದರೆ ಮತ್ತೆ ಬರುತ್ತದೆ. ಬೆಕ್ಕಿನ ಉಗುರಿನ ತುದಿಯನ್ನೂ ಹೀಗೆ ಕತ್ತರಿಸಬಹುದು, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಬೆಕ್ಕಿನ ಉಗುರಿನ ಬುಡ ಇರುವುದು ಬೆರಳಿನ ಕೊನೆಯ ಮೂಳೆಯಲ್ಲಿ. ಉಗುರು ಮತ್ತೆ ಬರಬಾರದು ಎಂದಾದರೆ ಆ ಮೂಳೆಯನ್ನೇ ತೆಗೆಯಬೇಕು. ಅಮೆರಿಕದವರು ಡಿಕ್ಲಾ ಎಂದು ಕರೆಯುವುದು ಇದನ್ನೇ. ಅರಿವಳಿಕೆ ಕೊಟ್ಟು, ಪ್ರತಿ ಬೆರಳಿನ ಕೊನೆಯ ಗೆಣ್ಣಿನಲ್ಲಿ ಕತ್ತರಿಸಿ, ಮೂಳೆಯ ಸಮೇತ ಉಗುರನ್ನು ಬೇರ್ಪಡಿಸುತ್ತಾರೆ. ಮುಂಗಾಲು ಎರಡರಲ್ಲಿ ಐದೈದು ಬೆರಳು, ಒಟ್ಟು ಹತ್ತು ಕಡೆ ಕತ್ತರಿಸಬೇಕು. ನಿಮ್ಮ ಕೈಬೆರಳುಗಳನ್ನೊಮ್ಮೆ ನೋಡಿಕೊಳ್ಳಿ. ಉಗುರಿನ ಕೆಳಗೆ ಮಡಚುವ ಮೊದಲ ಗೆಣ್ಣು ಇದೆಯಲ್ಲ, ಹತ್ತೂ ಬೆರಳನ್ನು ಅಲ್ಲಿಗೆ ಕತ್ತರಿಸಿದಂತೆ. ಮೇಲಾಗಿ ಬೆಕ್ಕು ನಮ್ಮ ಹಾಗೆ ಅಂಗಾಲೂರಿ ನಡೆಯುವ ಪ್ರಾಣಿಯಲ್ಲ, ಬೆರಳಿನ ಮೇಲೆ ನಡೆಯುವ ಪ್ರಾಣಿ.

ಇಂಥದ್ದೊಂದು ಶಸ್ತ್ರಕ್ರಿಯೆ ಶುರುವಾದದ್ದು ಹೇಗೆ? ಇದರ ಹಿಂದೆ ಕ್ರೂರ ಮನುಷ್ಯರ ಗುಂಪೊಂದು ಇದ್ದಿರಬೇಕೆಂದು ನಾವು ಭಾವಿಸಿದ್ದೆವು. ಹುಡುಕಿದರೆ ಸಿಕ್ಕಿದ್ದು ಮುಲ್ತಾನಿ ಮಿಟ್ಟಿ.

1947ರ ಚಳಿಗಾಲ. ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಸೋಪೊಲಿಸ್ ಎಂಬ ಸಣ್ಣ ಊರು. ಎಡ್ವರ್ಡ್ ಲೋ ಎಂಬ ಯುವಕ ತಂದೆಯ ಜೊತೆ ಮರದ ಹೊಟ್ಟು, ಒಣ ಜೇಡಿಮಣ್ಣಿನ ಹರಳು ಮುಂತಾದವನ್ನು ಮಾರುತ್ತಿದ್ದ. ವರ್ಕ್‌ಶಾಪ್‌ಗಳಲ್ಲಿ ಚೆಲ್ಲಿದ ಎಣ್ಣೆಯನ್ನು ಹೀರಿಸಲು ಆ ಮಣ್ಣು ಬಳಕೆಯಾಗುತ್ತಿತ್ತು. ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಗೇ ಸೇರಿದ ಮಣ್ಣದು. ಮನೆಯೊಳಗೆ ಬೆಕ್ಕಿನ ಪೆಟ್ಟಿಗೆಗೆ ಹಾಕಲು ಸ್ವಲ್ಪ ಮರಳು ಸಿಗುತ್ತದೆಯೇ ಎಂದು ನೆರೆಮನೆಯ ಹೆಂಗಸು ಕೇಳಿದಾಗ, ಲೋ ಆ ಮಣ್ಣಿನ ಒಂದು ಚೀಲ ಕೊಟ್ಟ. ಆಕೆ ಮತ್ತೆ ಬಂದು ಇನ್ನಷ್ಟು ಕೇಳಿದಳು. ವಾಸನೆಯಿಲ್ಲ, ನೆಲವೆಲ್ಲ ಕಪ್ಪು ಹೆಜ್ಜೆಯಿಲ್ಲ. ಲೋ ಹತ್ತು ಚೀಲಗಳಿಗೆ ಐದೈದು ಪೌಂಡ್ ಮಣ್ಣು ತುಂಬಿ, ಮೇಲೆ 'ಕಿಟ್ಟಿ ಲಿಟರ್' ಎಂದು ಬರೆದು, ಒಂದಕ್ಕೆ 65 ಸೆಂಟ್ಸ್ ಬೆಲೆಯಿಟ್ಟು ಅಂಗಡಿಗೆ ಕೊಟ್ಟ. ಮುಂದೆ ಅದು ದೊಡ್ಡ ಉದ್ದಿಮೆಯಾಗಿ ಬೆಳೆಯಿತು.

ಇದಕ್ಕೂ ಉಗುರಿಗೂ ಏನು ಸಂಬಂಧ? ಅದುವರೆಗೆ ಬೆಕ್ಕು ಅರ್ಧ ಹೊರಗಿನ ಪ್ರಾಣಿ. ಕೊಟ್ಟಿಗೆ, ಹಿತ್ತಲು, ಅಂಗಡಿಯ ಮಾಳಿಗೆ ಅದರ ಲೋಕ. ಮಲಮೂತ್ರಕ್ಕೆ ಹೊರಗೆ ಹೋಗುತ್ತಿತ್ತು, ಉಗುರನ್ನು ಮರದ ತೊಗಟೆಗೆ ಕೆರೆಯುತ್ತಿತ್ತು. ಮಣ್ಣಿನ ಚೀಲ ಬಂದ ಮೇಲೆ ಬೆಕ್ಕನ್ನು ದಿನದ ಇಪ್ಪತ್ತನಾಲ್ಕು ಗಂಟೆಯೂ ಒಳಗೇ ಇಟ್ಟುಕೊಳ್ಳುವುದು ಸಾಧ್ಯವಾಯಿತು. ಅದೇ ಸಮಯದಲ್ಲಿ ಯುದ್ಧ ಮುಗಿದು ಅಮೆರಿಕದಲ್ಲಿ ಹೊಸ ಮನೆಗಳು, ಹೊಸ ಸೋಫಾಗಳು, ಗೋಡೆಯಿಂದ ಗೋಡೆಗೆ ಕಾರ್ಪೆಟ್‌ಗಳು. ಬೆಕ್ಕಿಗೆ ಮರವಿಲ್ಲ, ಸೋಫಾ ಇದೆ. ಉಗುರಿನ ಹಳೆಯ ಪೊರೆ ಕಳಚಲು, ಮೈ ನೀಳವಾಗಿ ಚಾಚಲು, ಇದು ನನ್ನ ಜಾಗ ಎಂದು ಗುರುತು ಮಾಡಲು ಅದು ಕೆರೆಯಲೇಬೇಕು. ಅದು ಬೆಕ್ಕಿನ ಹುಟ್ಟುಗುಣ. 1952ರಲ್ಲಿ ಶಿಕಾಗೋದ ಒಬ್ಬ ಪಶುವೈದ್ಯರು ಅಮೆರಿಕದ ಪಶುವೈದ್ಯರ ಪತ್ರಿಕೆಗೆ ಒಂದು ಪತ್ರ ಬರೆದು, ಉಗುರನ್ನು ಬುಡಸಮೇತ ತೆಗೆಯುವ ತಮ್ಮ ವಿಧಾನವನ್ನು ವಿವರಿಸಿದರು. ಮುದ್ರಣದಲ್ಲಿ ಇದರ ಮೊದಲ ಉಲ್ಲೇಖ ಅದೇ ಎನ್ನುತ್ತಾರೆ.

ಆಮೇಲೆ ಅದು ಮಾಮೂಲಾಯಿತು. ಸಂತಾನಹರಣ ಚಿಕಿತ್ಸೆಗೆಂದು ಮರಿಯನ್ನು ಕರೆತಂದಾಗ ಅದೇ ಅರಿವಳಿಕೆಯಲ್ಲಿ ಉಗುರನ್ನೂ ತೆಗೆದುಬಿಡುವುದು, ಎರಡೂ ಸೇರಿಸಿದರೆ ರಿಯಾಯಿತಿ ದರ, ಹೀಗೆಲ್ಲ ನಡೆಯಿತು. ಈ ಶತಮಾನದ ಆರಂಭದ ಹೊತ್ತಿಗೆ ಅಮೆರಿಕದ ಸಾಕುಬೆಕ್ಕುಗಳಲ್ಲಿ ಹತ್ತಿರ ಹತ್ತಿರ ಕಾಲುಭಾಗ ಉಗುರಿಲ್ಲದವು. ಮಾಡಿಸಿದವರಲ್ಲಿ ಹೆಚ್ಚಿನವರು ಬೆಕ್ಕನ್ನು ಪ್ರೀತಿಸುವವರೇ. ಡಾಕ್ಟರ್ ಹೇಳಿದರು, ಎಲ್ಲರೂ ಮಾಡಿಸುತ್ತಾರೆ, ಉಗುರು ತಾನೇ! ನಮ್ಮ ಆ ತಾಯಿಯ ಮಾತೇ ಅಲ್ಲಿಯ ಕೋಟಿ ತಾಯಂದಿರ ಮಾತೂ ಆಗಿತ್ತು. ಹೆಸರು ಮೃದುವಾಗಿದ್ದರೆ ಕೆಲಸದ ಒರಟುತನ ಯಾರಿಗೂ ಕಾಣುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ನಾಯಿಯಂತೆ ಕೂಗುವುದಿಲ್ಲ, ಮೂಲೆ ಹಿಡಿದು ಸುಮ್ಮನಾಗುತ್ತದೆ. ಹೀಗಾಗಿ ನೋವಾಗುವುದೇ ಇಲ್ಲ ಎಂಬ ನಂಬಿಕೆ ಬಹುಕಾಲ ನಡೆಯಿತು. ಆದರೆ ಬೆಕ್ಕಿಗೆ ಕೊಡುವ ನೋವುನಿವಾರಕ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸಬೇಕಾದಾಗ, ಸಂಶೋಧಕರು ಮತ್ತೆ ಮತ್ತೆ ಆರಿಸಿಕೊಂಡದ್ದು ಇದೇ ಉಗುರು ತೆಗೆಯುವ ಶಸ್ತ್ರಕ್ರಿಯೆಯನ್ನು. ನೋವು ಖಚಿತವಾಗಿ ಇರುವಲ್ಲಿ ತಾನೇ ನೋವಿನ ಔಷಧವನ್ನು ಪರೀಕ್ಷಿಸುವುದು? ಒಂದೇ ವೃತ್ತಿಯ ಒಂದು ಕೈ ಬರೆದದ್ದನ್ನು ಇನ್ನೊಂದು ಕೈ ಓದಲಿಲ್ಲ.

ಮುಸ್ಲಿಮ್ ನಾಡುಗಳ ಹಳೆಯ ಗ್ರಂಥಗಳಲ್ಲಿ ಬೆಕ್ಕಿನ ಮಾತು ಬೇಕಾದಷ್ಟಿದೆ. ಅಬೂಹುರೈರಾ(ರ) ಎಂಬ ಹೆಸರೇ ಬೆಕ್ಕಿನ ಮರಿಯಿಂದ ಬಂದದ್ದು. ವುಝೂವಿನ ನೀರಿಗೆ ಬೆಕ್ಕು ಬಾಯಿ ಹಾಕಲು ಬಂದಾಗ ಅಬೂ ಕತಾದಾ(ರ) ಪಾತ್ರೆಯನ್ನೇ ಅದರ ಕಡೆ ವಾಲಿಸಿದರು. ಸೊಸೆ ಕಬ್ಶಾ ಅಚ್ಚರಿಯಿಂದ ನೋಡುತ್ತಿದ್ದುದನ್ನು ಕಂಡು, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ನಡುವೆ ಸುತ್ತಾಡುತ್ತಿರುವ ಜೀವಿಗಳಲ್ಲೊಂದು ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸಿದರು. ಸುತ್ತಾಡುವ ಜೀವಿ ಎಂಬುದನ್ನು ಗಮನಿಸಿ. ಬರುತ್ತದೆ, ಹೋಗುತ್ತದೆ. 13ನೇ ಶತಮಾನದ ಸುಲ್ತಾನ್ ಝಾಹಿರ್ ಬೈಬರ್ಸ್ ಕೈರೋದಲ್ಲಿ ತನ್ನ ಮಸೀದಿಯ ಹತ್ತಿರದ ತೋಟವನ್ನು ಬೆಕ್ಕುಗಳಿಗೆಂದು ವಕ್ಫ್ ಮಾಡಿದ್ದ. 1830ರ ದಶಕದಲ್ಲಿ ಅಲ್ಲಿ ನೆಲೆಸಿದ್ದ ಇಂಗ್ಲಿಷ್ ಲೇಖಕ ಎಡ್ವರ್ಡ್ ಲೇನ್ ಕಾಲಕ್ಕೆ ಆ ತೋಟ ಕೈಯಿಂದ ಕೈಗೆ ಮಾರಾಟವಾಗಿ ಆದಾಯ ಇಲ್ಲದಾಗಿತ್ತು. ಆದರೂ ಕಾಝಿಯವರ ನ್ಯಾಯಾಲಯದ ಅಂಗಳದಲ್ಲಿ ದಿನಾ ಮಧ್ಯಾಹ್ನದ ಬಳಿಕ ಬೆಕ್ಕುಗಳಿಗೆ ತಿನ್ನಿಸು ಹಾಕುವ ಪದ್ಧತಿ ನಿಂತಿರಲಿಲ್ಲ. ಬೆಕ್ಕು ಅಂಗಳದಲ್ಲಿದ್ದಾಗ ಉಗುರಿನ ಸಮಸ್ಯೆ ಇರಲಿಲ್ಲ. ಇದನ್ನು ನಾವು ಹೆಮ್ಮೆಗಾಗಿ ಹೇಳುತ್ತಿಲ್ಲ. ಅಂಗಳ ಇಲ್ಲದ ಫ್ಲ್ಯಾಟ್‌ಗಳಲ್ಲಿ ಈಗ ನಾವೂ ಇದ್ದೇವೆ, ಬೆಂಗಳೂರು ಮಂಗಳೂರಿನ ನಮ್ಮವರ ಮನೆಗಳಲ್ಲೂ ಪರ್ಷಿಯನ್ ಬೆಕ್ಕು ಸೋಫಾದ ಮೇಲೇ ಮಲಗಿದೆ.

ಅಮೆರಿಕದಲ್ಲಿ ಇದರ ವಿರುದ್ಧ ದನಿ ಎದ್ದದ್ದು ಮನೆಬೆಕ್ಕಿನಿಂದಲ್ಲ, ದೊಡ್ಡ ಬೆಕ್ಕುಗಳಿಂದ. ಲಾಸ್ ಏಂಜಲೀಸ್ ಸುತ್ತಮುತ್ತ ಸಿನಿಮಾ ಚಿತ್ರೀಕರಣಕ್ಕೆಂದು ಸಾಕಿದ ಹುಲಿ, ಸಿಂಹ, ಚಿರತೆಗಳಿದ್ದವು. ಅಪಾಯ ಕಡಿಮೆಯಾಗಲೆಂದು ಅವುಗಳ ಉಗುರನ್ನೂ ಮರಿಯಾಗಿದ್ದಾಗಲೇ ತೆಗೆಸುತ್ತಿದ್ದರು. ಮರಿ ಬೆಳೆದು ನೂರಾರು ಕಿಲೋ ತೂಗುವ ಪ್ರಾಣಿಯಾದಾಗ ಆ ಮೊಂಡು ಬೆರಳುಗಳಿಗೆ ಭಾರ ಹೊರಲಾಗುತ್ತಿರಲಿಲ್ಲ. ಕೆಲವು ಕುಂಟುತ್ತಿದ್ದವು, ಕೆಲವಕ್ಕೆ ಎದ್ದು ನಿಲ್ಲುವುದೇ ಕಷ್ಟವಾಗಿತ್ತು. ಜೆನಿಫರ್ ಕಾನ್ರಾಡ್ ಎಂಬ ಪಶುವೈದ್ಯೆ ಇಂಥ ಪ್ರಾಣಿಗಳ ಪಾದಗಳನ್ನು ಮತ್ತೆ ಶಸ್ತ್ರಕ್ರಿಯೆ ಮಾಡಿ ಸರಿಪಡಿಸುವ ಕೆಲಸಕ್ಕೆ ಕೈಹಾಕಿದರು. ಅದರಿಂದಲೇ 'ಪಾ ಪ್ರಾಜೆಕ್ಟ್' ಎಂಬ ಸಂಸ್ಥೆ ಬೆಳೆಯಿತು. ಹುಲಿಯಲ್ಲಿ ಎದ್ದು ಕಾಣುವ ಸಂಕಟ ನಾಲ್ಕು ಕಿಲೋ ಬೆಕ್ಕಿನಲ್ಲಿ ಕಾಣದಿದ್ದರೂ ಇರುವುದಿಲ್ಲವೇ ಎಂಬುದು ಅವರ ಪ್ರಶ್ನೆ. ಅದನ್ನು ಅವರು ನಗರಸಭೆಯ ಮುಂದಿಟ್ಟರು.

2003ರ ಏಪ್ರಿಲ್‌ನಲ್ಲಿ ವೆಸ್ಟ್ ಹಾಲಿವುಡ್ ಎಂಬ ಪುಟ್ಟ ನಗರ ಬೆಕ್ಕಿನ ಉಗುರು ತೆಗೆಯುವುದನ್ನು ನಿಷೇಧಿಸಿತು. ಇಡೀ ಅಮೆರಿಕದಲ್ಲಿ ಅದೇ ಮೊದಲನೆಯದು. ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಹುಲಿ ಸಿಂಹದಂಥ ಕಾಡುಪ್ರಾಣಿಗಳ ಉಗುರು ತೆಗೆಯುವುದನ್ನು ಕಾನೂನಿನ ಮೂಲಕ ನಿಲ್ಲಿಸಿತು. ಮನೆಬೆಕ್ಕನ್ನು ಮಾತ್ರ ಆ ಕಾನೂನಿನಿಂದ ಹೊರಗಿಟ್ಟರು. ಕಾಡಿನ ಬೆಕ್ಕಿಗೆ ರಕ್ಷಣೆ, ಮನೆಯ ಬೆಕ್ಕಿಗೆ ಇಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಹುಲಿ ಸಾಕುವವರು ಬೆರಳೆಣಿಕೆಯಷ್ಟು, ಬೆಕ್ಕು ಸಾಕುವವರು ಕೋಟಿಗಟ್ಟಲೆ.

ವೆಸ್ಟ್ ಹಾಲಿವುಡ್‌ನ ಮೇಲೆ ಮೊಕದ್ದಮೆ ಹೂಡಿದವರು ಯಾರು ಗೊತ್ತೇ? ಕ್ಯಾಲಿಫೋರ್ನಿಯಾದ ಪಶುವೈದ್ಯರ ಸಂಘ. ವೈದ್ಯರಿಗೆ ಪರವಾನಗಿ ಕೊಡುವುದು ರಾಜ್ಯ, ವೈದ್ಯ ಯಾವ ಶಸ್ತ್ರಕ್ರಿಯೆ ಮಾಡಬೇಕು ಮಾಡಬಾರದು ಎಂದು ಹೇಳಲು ನಗರಸಭೆ ಯಾರು ಎಂಬುದು ಅವರ ವಾದ. ಕೆಳಗಿನ ನ್ಯಾಯಾಲಯ ಸಂಘದ ಪರ ತೀರ್ಪು ಕೊಟ್ಟಿತು. 2007ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ, ಇಬ್ಬರು ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆಯಾಗಿ, ನಗರದ ಕಾನೂನನ್ನು ಎತ್ತಿಹಿಡಿಯಿತು.

ಸಂಘ ಸುಮ್ಮನಾಗಲಿಲ್ಲ. 2009ರಲ್ಲಿ ರಾಜ್ಯ ವಿಧಾನಸಭೆ ಇನ್ನೊಂದು ಕಾನೂನು ಮಾಡಿತು. ಪರವಾನಗಿ ಪಡೆದ ವೃತ್ತಿಯವರ ಕೆಲಸವನ್ನು ಯಾವ ನಗರವೂ ಇನ್ನು ಮುಂದೆ ನಿಷೇಧಿಸುವಂತಿಲ್ಲ, 2010ರ ಜನವರಿ 1ರಿಂದ ಜಾರಿ. ಆದರೆ ಅದಕ್ಕೆ ಮೊದಲೇ ಇದ್ದ ನಿಷೇಧಗಳಿಗೆ ತೊಂದರೆಯಿಲ್ಲ. ಬಾಗಿಲು ಮುಚ್ಚಲು ಕೆಲವೇ ತಿಂಗಳು ಉಳಿದಿತ್ತು. ಆಗ ನಡೆದ ಓಟವನ್ನು ಓದಿದರೆ ನಗುವೂ ಬರುತ್ತದೆ, ಮೆಚ್ಚಿಗೆಯೂ ಆಗುತ್ತದೆ. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ, ಸಾಂತಾ ಮೋನಿಕಾ, ಬರ್ಕ್ಲಿ, ಬರ್ಬ್ಯಾಂಕ್, ಬೆವರ್ಲಿ ಹಿಲ್ಸ್, ಕಲ್ವರ್ ಸಿಟಿ, ಹೀಗೆ ಏಳು ನಗರಗಳು ವರ್ಷ ಮುಗಿಯುವುದರೊಳಗೆ ನಿಷೇಧ ಹೊರಡಿಸಿದವು. ನಗರಗಳ ಕೈ ಕಟ್ಟಲೆಂದು ತಂದ ಕಾನೂನೇ ಅವುಗಳನ್ನು ಎಬ್ಬಿಸಿ ಓಡಿಸಿತ್ತು.

ವಿರೋಧಿಸಿದ ವೈದ್ಯರನ್ನೆಲ್ಲ ಹಣದಾಸೆಯವರೆಂದು ಬದಿಗೆ ಸರಿಸುವುದು ನ್ಯಾಯವಲ್ಲ. ಅವರ ಒಂದು ವಾದಕ್ಕೆ ತೂಕವಿತ್ತು. ಅಮೆರಿಕದ ಪ್ರಾಣಿ ಆಶ್ರಯ ಕೇಂದ್ರಗಳಲ್ಲಿ ಯಾರೂ ಒಯ್ಯದ ಬೆಕ್ಕುಗಳಿಗೆ ಕೊನೆಗೆ ಸಾವಿನ ಇಂಜೆಕ್ಷನ್ ಕೊಡುತ್ತಾರೆ, ಅಂಥವು ವರ್ಷಕ್ಕೆ ಲಕ್ಷಗಟ್ಟಲೆ. ಸೋಫಾ ಹರಿದ ಬೆಕ್ಕನ್ನು ಮಾಲೀಕ ಅಲ್ಲಿಗೆ ತಂದು ಬಿಟ್ಟರೆ ಅದು ಸಾಯುತ್ತದೆ, ಉಗುರು ತೆಗೆಸಿದರೆ ಮನೆಯಲ್ಲಿ ಬದುಕುತ್ತದೆ, ಸಾವಿಗಿಂತ ಉಗುರಿಲ್ಲದ ಬದುಕು ಮೇಲಲ್ಲವೇ? ಎರಡು ಕೆಡುಕುಗಳಲ್ಲಿ ಚಿಕ್ಕದನ್ನು ಆರಿಸುವ ನಿಯಮವನ್ನು ನಮ್ಮ ಫಿಕ್ಹ್ ಪಂಡಿತರೂ ಒಪ್ಪುತ್ತಾರೆ. ಇನ್ನೊಂದು ವಾದ ರೋಗನಿರೋಧಕ ಶಕ್ತಿ ಕುಗ್ಗಿದವರದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರಕ್ತ ತೆಳುವಾಗುವ ಔಷಧ ತೆಗೆದುಕೊಳ್ಳುವವರು, ಅವರಿಗೆ ಒಂದು ಪರಚು ಗಾಯವೂ ಅಪಾಯವಾಗಬಹುದು.

ಈ ವಾದಗಳು ಬಿದ್ದದ್ದು ಭಾಷಣದಿಂದಲ್ಲ, ಲೆಕ್ಕದಿಂದ. ಎರಡನೆಯದನ್ನು ಮೊದಲು ಹೇಳಿಬಿಡೋಣ. ಅಮೆರಿಕ ಸರಕಾರದ್ದೇ ಆದ ರೋಗ ನಿಯಂತ್ರಣ ಸಂಸ್ಥೆ ಎಚ್‌ಐವಿ ಪೀಡಿತರಿಗಾಗಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಬೆಕ್ಕಿನ ಉಗುರು ತೆಗೆಸುವುದನ್ನು ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ, ಪರಚಿಸಿಕೊಳ್ಳದಂತೆ ಎಚ್ಚರ ವಹಿಸಿದರೆ ಸಾಕು ಎಂದಿತ್ತು. ಮೊದಲನೆಯದಕ್ಕೆ ಉತ್ತರ ಸಿಗಲು ಸಮಯ ಹಿಡಿಯಿತು. 2017ರಲ್ಲಿ ಬೆಕ್ಕುಗಳ ವೈದ್ಯಕೀಯ ಪತ್ರಿಕೆಯೊಂದು ಒಂದು ಅಧ್ಯಯನ ಪ್ರಕಟಿಸಿತು. ಉಗುರು ತೆಗೆದ 137 ಬೆಕ್ಕುಗಳು, ಉಗುರಿರುವ 137 ಬೆಕ್ಕುಗಳು. ಉಗುರಿಲ್ಲದವುಗಳಲ್ಲಿ ಬೆನ್ನುನೋವು ಹೆಚ್ಚು, ಕಚ್ಚುವುದು ಹೆಚ್ಚು, ಮಣ್ಣಿನ ಪೆಟ್ಟಿಗೆ ಬಿಟ್ಟು ಕಂಡ ಕಂಡಲ್ಲಿ ಮಲಮೂತ್ರ ಮಾಡುವುದೂ ಹೆಚ್ಚು. ಎಕ್ಸ್‌ರೇ ತೆಗೆದು ನೋಡಿದರೆ ಅವುಗಳಲ್ಲಿ ಶೇ. 63ರ ಪಾದದಲ್ಲಿ ಮೂಳೆಯ ಚೂರು ಉಳಿದುಹೋಗಿತ್ತು. ಕಾಲಿನಲ್ಲಿ ಚೂರು ಇಟ್ಟುಕೊಂಡು ಒರಟು ಹರಳಿನ ಪೆಟ್ಟಿಗೆಗೆ ಕಾಲಿಡಲು ಯಾವ ಜೀವಿ ಇಷ್ಟಪಡುತ್ತದೆ? ಸೋಫಾ ಉಳಿಸಲು ಹೋದವರ ಕಾರ್ಪೆಟ್ ಹಾಳಾಯಿತು. ಪರಚುವ ಬೆಕ್ಕನ್ನು ಸಹಿಸುವವರಿದ್ದಾರೆ, ಹಾಸಿಗೆ ಒದ್ದೆ ಮಾಡುವ ಬೆಕ್ಕನ್ನು ಸಹಿಸುವವರು ಕಡಿಮೆ. ಮನೆಯಲ್ಲಿ ಉಳಿಸಲೆಂದು ಮಾಡಿದ ಶಸ್ತ್ರಕ್ರಿಯೆಯೇ ಎಷ್ಟೋ ಬೆಕ್ಕುಗಳನ್ನು ಮನೆಯಿಂದ ಹೊರಗೆ ಕಳಿಸುವಂತಿತ್ತು.

ಅದೇ 2017ರಲ್ಲಿ ಕೆನಡಾದ ಪಶುವೈದ್ಯರ ರಾಷ್ಟ್ರೀಯ ಸಂಘ ಇದನ್ನು ಸ್ಪಷ್ಟವಾಗಿ ವಿರೋಧಿಸಿತು. ಅಲ್ಲಿ ಮುಂದಿನ ಹೆಜ್ಜೆಗಳನ್ನು ಪ್ರಾಂತಗಳ ಪಶುವೈದ್ಯ ಮಂಡಳಿಗಳೇ ಇಟ್ಟವು. 2018ರಲ್ಲಿ ನೋವಾ ಸ್ಕೋಶಿಯಾ, ಅದರ ಬೆನ್ನಿಗೇ ಬ್ರಿಟಿಷ್ ಕೊಲಂಬಿಯಾ, ಆಮೇಲೆ ಒಂದೊಂದಾಗಿ ಬೇರೆಯವು. ಕತ್ತಿ ಹಿಡಿದವರೇ ಕತ್ತಿ ಕೆಳಗಿಟ್ಟರು. ನಿಷೇಧದ ಬಳಿಕ ಬ್ರಿಟಿಷ್ ಕೊಲಂಬಿಯಾದ ಆಶ್ರಯ ಕೇಂದ್ರಗಳ ದಾಖಲೆಗಳನ್ನು ಸಂಶೋಧಕರು ತೆರೆದು ನೋಡಿದರು. ಪೀಠೋಪಕರಣ ಹಾಳುಮಾಡುತ್ತದೆಂದು ಬೆಕ್ಕುಗಳನ್ನು ತಂದು ಬಿಡುವುದು ಹೆಚ್ಚಾಗಿರಲಿಲ್ಲ. ಇಪ್ಪತ್ತು ವರ್ಷ ಜನರನ್ನು ಹೆದರಿಸಿದ್ದ ಮಾತು ಅಲ್ಲಿಗೆ ಬಲ ಕಳೆದುಕೊಂಡಿತು.

ಯುರೋಪಿನಲ್ಲಿ ಇದು ಇಷ್ಟು ಎಳೆಯಲೇ ಇಲ್ಲ. 1987ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಆದ ಸಾಕುಪ್ರಾಣಿಗಳ ಒಡಂಬಡಿಕೆಯ 10ನೇ ವಿಧಿ, ಬಾಲ ಕತ್ತರಿಸುವುದು, ಕಿವಿ ಕತ್ತರಿಸುವುದು, ಗಂಟಲಿನ ತಂತು ತೆಗೆದು ಮೂಕ ಮಾಡುವುದು ಇವುಗಳ ಸಾಲಿನಲ್ಲೇ ಉಗುರು ತೆಗೆಯುವುದನ್ನೂ ಇಟ್ಟಿದೆ. ಬ್ರಿಟನ್‌ನಲ್ಲಿ 2006ರ ಕಾನೂನು ಬರುವ ಮೊದಲೇ ಅಲ್ಲಿಯ ವೈದ್ಯರು ಅದನ್ನು ಮಾಡಬಾರದ ಕೆಲಸವೆಂದು ಎಣಿಸಿದ್ದರು. ಒಂದೇ ಬೆಕ್ಕು, ಒಂದೇ ಸೋಫಾ, ಸಾಗರದ ಈ ದಡದಲ್ಲಿ ಮಾಮೂಲು, ಆ ದಡದಲ್ಲಿ ಅಪರಾಧ. ಅಗತ್ಯ ಎಂದು ನಾವು ಕರೆಯುವುದರಲ್ಲಿ ರೂಢಿಯ ಪಾಲು ಎಷ್ಟಿರುತ್ತದೆ ನೋಡಿ.

ಅಮೆರಿಕದ ರಾಜ್ಯಗಳಲ್ಲಿ ಮೊದಲು ಮುಂದೆ ಬಂದದ್ದು ನ್ಯೂಯಾರ್ಕ್. ಲಿಂಡಾ ರೋಸೆಂಥಾಲ್ ಎಂಬ ಶಾಸಕಿ ವರ್ಷಗಳ ಕಾಲ ಮಸೂದೆ ಹೊತ್ತು ತಿರುಗಿದರು. ಅಲ್ಲಿಯ ಪಶುವೈದ್ಯರ ಸಂಘ ಕೊನೆಯವರೆಗೂ ವಿರೋಧಿಸಿತು. 2019ರ ಜುಲೈ 22ರಂದು ಗವರ್ನರ್ ಸಹಿ ಹಾಕಿದರು. ಗಾಯ, ಸೋಂಕು, ರೋಗ ಇದ್ದು ಬೆಕ್ಕಿನ ಚಿಕಿತ್ಸೆಗೇ ಬೇಕಾದರೆ ಮಾತ್ರ ಅವಕಾಶ. ಇಲ್ಲವಾದರೆ 1,000 ಡಾಲರ್‌ವರೆಗೆ ದಂಡ. 2020ರ ಜನವರಿಯಲ್ಲಿ ಅಮೆರಿಕದ ಪಶುವೈದ್ಯರ ರಾಷ್ಟ್ರೀಯ ಸಂಘವೂ ತನ್ನ ನಿಲುವು ಬದಲಿಸಿ, ಅನುಕೂಲಕ್ಕಾಗಿ ಉಗುರು ತೆಗೆಸುವುದನ್ನು ತಾನು ಪ್ರೋತ್ಸಾಹಿಸುವುದಿಲ್ಲ ಎಂದಿತು. ಆದರೆ ಕೊನೆಯ ತೀರ್ಮಾನವನ್ನು ವೈದ್ಯನ ವಿವೇಚನೆಗೇ ಬಿಟ್ಟಿತು. ಅರ್ಧ ಹೆಜ್ಜೆ ಎನ್ನಬೇಕು. ಆಮೇಲೆ 2022ರಲ್ಲಿ ಮೇರಿಲ್ಯಾಂಡ್, 2024ರಲ್ಲಿ ವರ್ಜೀನಿಯಾ, 2025ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್. ಐವತ್ತು ರಾಜ್ಯಗಳ ದೇಶದಲ್ಲಿ ಇದು ಇನ್ನೂ ಸಣ್ಣ ಪಟ್ಟಿ.

ನಮ್ಮ ದೇಶದಲ್ಲಿ ಈ ಶಸ್ತ್ರಕ್ರಿಯೆ ರೂಢಿಯಾಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಪ್ರಾಣಿಯ ಅಂಗ ಊನಗೊಳಿಸುವುದನ್ನು ಅಪರಾಧ ಎನ್ನುತ್ತದೆ. ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಪ್ಲೇಟ್ ಬಿರಿಯಾನಿಗೂ ಸಾಲದ ಮೊತ್ತ.

ಇನ್ನು, ಆ ತಾಯಿ ಕೇಳಿದ್ದು ಕಾನೂನನ್ನಲ್ಲ, ತಪ್ಪೋ ಸರಿಯೋ ಎಂದು. ಫತ್ವಾ ಕೊಡುವುದು ನಮ್ಮ ಕೆಲಸವಲ್ಲ, ಅದಕ್ಕೆ ವಿದ್ವಾಂಸರಿದ್ದಾರೆ. ಆದರೆ ವಿದ್ವಾಂಸರು ಯಾವ ಆಧಾರದ ಮೇಲೆ ಯೋಚಿಸುತ್ತಾರೆಂದು ಹೇಳಬಹುದು. ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಅಲ್ಲಿಯ ಜನರು ಜೀವಂತ ಒಂಟೆಯ ಡುಬ್ಬವನ್ನು, ಕುರಿಯ ಕೊಬ್ಬಿನ ಬಾಲವನ್ನು ಕತ್ತರಿಸಿಕೊಳ್ಳುತ್ತಿದ್ದರು. ಪ್ರಾಣಿಯೂ ಉಳಿಯಿತು, ಮಾಂಸವೂ ಸಿಕ್ಕಿತು, ಎಂಥ ಅನುಕೂಲ! ಜೀವಂತ ಪ್ರಾಣಿಯಿಂದ ಕತ್ತರಿಸಿದ್ದು ಶವಕ್ಕೆ ಸಮಾನ ಎಂದು ಅವರು(ಸ) ಹೇಳಿದ್ದನ್ನು ಅಬೂ ವಾಕಿದ್ ಅಲ್-ಲೈಸಿ(ರ) ವರದಿ ಮಾಡಿದ್ದಾರೆ. ಅಬೂದಾವೂದ್, ತಿರ್ಮಿದಿಯಲ್ಲಿ ಅದಿದೆ. ಪ್ರಾಣಿಯ ಅಂಗವನ್ನು ವಿರೂಪಗೊಳಿಸುವವನನ್ನು ಪ್ರವಾದಿವರ್ಯರು(ಸ) ಶಪಿಸಿದರೆಂದು ಇಬ್ನು ಉಮರ್(ರ) ಹೇಳಿದ್ದು ಬುಖಾರಿಯಲ್ಲಿದೆ. ಜಾನುವಾರುಗಳ ಕಿವಿ ಸೀಳಿಸುವುದನ್ನು ಶೈತಾನನ ಪ್ರತಿಜ್ಞೆಗಳಲ್ಲೊಂದಾಗಿ ಸೂರಃ ಅನ್ನಿಸಾಅ್‌ನ 119ನೇ ವಚನ ತಿಳಿಸುತ್ತದೆ.

ಹಾಗೆಂದು ಪ್ರಾಣಿಯ ಮೇಲೆ ಕತ್ತಿಯಿಡುವುದೆಲ್ಲ ಒಂದೇ ಎಂದು ವಿದ್ವಾಂಸರು ಹೇಳಿಲ್ಲ. ಬೀಜ ಒಡೆಯುವ ವಿಷಯದಲ್ಲಿ ಹನಫೀ ಗ್ರಂಥಗಳು ಪ್ರಯೋಜನವಿದ್ದರೆ ಅವಕಾಶ ಕೊಟ್ಟಿವೆ. ಶಾಫಿಈ ಗ್ರಂಥಗಳು ಮಾಂಸಕ್ಕೆ ಸಾಕುವ ಪ್ರಾಣಿಗೆ, ಅದೂ ಎಳೆಯ ಪ್ರಾಯದಲ್ಲಿ, ಎಂದು ಹಗ್ಗ ಬಿಗಿ ಮಾಡಿವೆ. ಎರಡೂ ಕಡೆಯವರು ಕೇಳುವ ಪ್ರಶ್ನೆ ಮಾತ್ರ ಒಂದೇ: ಪ್ರಯೋಜನ ಎಷ್ಟು, ಪ್ರಾಣಿಗೆ ಕೇಡು ಎಷ್ಟು, ಬೇರೆ ದಾರಿ ಇಲ್ಲವೇ? ಉಗುರಿನ ವಿಷಯದಲ್ಲಿ ಬೇರೆ ದಾರಿ ಇದೆ, ಅದೂ ಅಗ್ಗದ ದಾರಿ. ಎರಡು ಮೂರು ವಾರಕ್ಕೊಮ್ಮೆ ತುದಿ ಕತ್ತರಿಸುವುದು. ಬೆಕ್ಕು ಮೈಚಾಚಿ ನಿಲ್ಲುವಷ್ಟು ಎತ್ತರದ, ಅಲುಗಾಡದ ಒಂದು ಮರದ ಕಂಬಕ್ಕೆ ಕತ್ತಾಳೆ ಹುರಿಯನ್ನೋ ತೆಂಗಿನ ನಾರಿನ ಹಗ್ಗವನ್ನೋ ಬಿಗಿಯಾಗಿ ಸುತ್ತಿ, ಅದು ಕೆರೆಯುವ ಸೋಫಾದ ಪಕ್ಕದಲ್ಲೇ ನಿಲ್ಲಿಸುವುದು. ಮೂಲೆಯಲ್ಲಿ ಅಡಗಿಸಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಬೆಕ್ಕು ಕೆರೆಯುವುದು ತನ್ನ ಗುರುತು ಎಲ್ಲರಿಗೂ ಕಾಣಲೆಂದು.

ಬಾಡಿಗೆ ಕರಾರಿನ ಮಾತು ಉಳಿಯಿತು. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಮಾಡಿದ ಒಂದು ಕಾನೂನು ಇದನ್ನೇ ಹಿಡಿದಿದೆ. ಬಾಡಿಗೆಗೆ ಬರುವವರ ಬೆಕ್ಕಿಗೆ ಉಗುರು ತೆಗೆಸಿರಬೇಕು, ನಾಯಿಯ ದನಿ ಕತ್ತರಿಸಿರಬೇಕು ಎಂದು ಮನೆಮಾಲೀಕ ಷರತ್ತು ಹಾಕುವಂತಿಲ್ಲ. ಆ ಮಗಳು ಇರುವ ರಾಜ್ಯದಲ್ಲಿ ಅಂಥ ಕಾನೂನಿಲ್ಲ. ಇದನ್ನೆಲ್ಲ ನಾವು ತಾಯಿಗೆ ಹೇಳಿದೆವು, ಅವರು ಮಗಳಿಗೆ ಹೇಳಿದರು. ಮಗಳು ಮನೆಮಾಲೀಕರ ಕಚೇರಿಗೆ ಹೋಗಿ, ಏನಾದರೂ ಹಾಳಾದರೆ ಅದರ ಖರ್ಚಿಗೆಂದು ಇನ್ನೂರು ಡಾಲರ್ ಹೆಚ್ಚಿಗೆ ಠೇವಣಿ ಕೊಡುತ್ತೇನೆ ಎಂದಳಂತೆ. ಅಲ್ಲಿದ್ದ ಹೆಂಗಸು ಸ್ವಲ್ಪ ಯೋಚಿಸಿ, ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿಕೊಟ್ಟಳು. ಅಳಿಯ ಕಂಬಕ್ಕೆ ಹುರಿ ಸುತ್ತುತ್ತಿರುವ ಫೋಟೋವನ್ನು ತಾಯಿ ನಮಗೆ ಕಳಿಸಿದ್ದಾರೆ. ಬೆಕ್ಕು ಪಕ್ಕದಲ್ಲೇ ಕೂತು ಹುರಿಯ ಇನ್ನೊಂದು ತುದಿಯನ್ನು ಎಳೆಯುತ್ತಿದೆ.